ಕುರಿಗಳು ಕೇಳಿದ ನನ್ನ ಭಾಷಣ

ನಮ್ಮ ವಂಶದಲ್ಲಿ ಡಿಗ್ರಿ ಎಂಬ ವಸ್ತುವನ್ನು ಮೊಟ್ಟಮೊದಲು ಮನೆಗೆ ತಂದವನು ನಾನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೆ ಹೇಳುವುದಾದರೆ ಇನ್ನೂ ಉದ್ದ ಹೇಳುತ್ತೇನೆ! ಹೊಸಬಾಳೆಯ ಬಯಲಿನಲ್ಲಿ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಇತಿಹಾಸದ ಪುಸ್ತಕ ಹಿಡಿದು, ಕುರಿ ಕಾಯುತ್ತಲೇ ಓದಿದವನು. ಈಗ ಶಿಕಾರಿಪುರದಲ್ಲಿ ಹೈಸ್ಕೂಲು ಮೇಷ್ಟ್ರು. ಮನೆಯ ಗೇಟಿನ ಮೇಲೆ ಹೆಸರಿನ ಪಕ್ಕ ಬಿ.ಎ., ಬಿ.ಎಡ್. ಎಂದು ಬರೆಸಿದ್ದೇನೆ. ಕಾರಿನ ಹಿಂದಿನ ಗಾಜಿನ ಮೇಲೂ ಇದೆ. ಹೆಲ್ಮೆಟ್ಟಿನ ಒಳಗೂ ಇದೆ. ಹೆಲ್ಮೆಟ್ ಕಳೆದುಹೋದರೆ, ಅದು ಯಾವ ಮಟ್ಟದ ತಲೆಯದು ಎಂದು ಸಿಕ್ಕವನಿಗೆ ಗೊತ್ತಾಗಬೇಕಲ್ಲ!

ಇಂಥ ನನಗೆ ಈ ಕಾಲದ ಹುಡುಗರ ಬಗ್ಗೆ ಒಂದು ಖಚಿತವಾದ ಅಭಿಪ್ರಾಯವಿತ್ತು. ಸಿನಿಮಾ, ಸೀರಿಯಲ್ಲು, ರೀಲ್ಸು ಮೂರೂ ಸೇರಿ ಇವರ ಬೆನ್ನುಮೂಳೆಯನ್ನೇ ತೆಗೆದುಬಿಟ್ಟಿವೆ. ಸೋಮವಾರ ಕ್ರಿಕೆಟಿಗ ಆಗುತ್ತೇನೆ ಅನ್ನುತ್ತಾರೆ, ಬುಧವಾರ ಬಾಡಿ ಬಿಲ್ಡರ್, ಶನಿವಾರ ಯೂಟ್ಯೂಬರ್. ದುಡಿಮೆಗೆ ಮಾತ್ರ ಯಾವ ವಾರವೂ ಇಲ್ಲ! ಇದನ್ನು ನಾನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೆನೆಂದರೆ, ನಾನು ಬಾಯಿ ತೆರೆದ ಕೂಡಲೇ ಡ್ರಿಲ್ ಮೇಷ್ಟ್ರು ಗ್ರೌಂಡಿಗೆ ಹೊರಟುಬಿಡುತ್ತಿದ್ದರು. ಅವರು ಗ್ರೌಂಡಿಗೆ ಹೋಗುತ್ತಿದ್ದದ್ದು ಆಗ ಮಾತ್ರ.

ಹೀಗಿರುವಾಗ ನನ್ನ ಮನೆಯೊಳಗೇ ಬಾಂಬು ಬಿತ್ತು. ಡಿಗ್ರಿ ಮುಗಿಸಿದ್ದ ಮಗಳು ಚೈತ್ರಾ ಒಂದು ಸಂಜೆ, ಕಾಫಿ ಲೋಟ ಕೈಗೆ ಕೊಟ್ಟು ಹೇಳಿದಳು.

"ಅಪ್ಪಾ, ನಾನು ಬಿ.ಎಡ್. ಸೇರಲ್ಲ. ಧಾರವಾಡಕ್ಕೆ ಹೋಗಿ ಪಿಎಸ್‌ಐ ಪರೀಕ್ಷೆಗೆ ತಯಾರಿ ಮಾಡ್ತೀನಿ."

"ಪೊಲೀಸು? ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಿಲ್ಲ. ಒಂದು ಸೀರಿಯಲ್‌ನಲ್ಲಿ ಲೇಡಿ ಇನ್ಸ್‌ಪೆಕ್ಟರ್ ನೋಡಿದೆ. ಆಸೆ ಹುಟ್ಟಿದ್ದು ಅಲ್ಲಿಂದ. ಓಡೋದು ಹೆಂಗೆ ಅಂತ ಮೊಬೈಲ್ ನೋಡಿ ಕಲ್ತೆ. ಮಳೆಗಾಲದಿಂದ ದಿನಾ ಬೆಳಿಗ್ಗೆ ಓಡ್ತಿದೀನಿ."

"ಸೀರಿಯಲ್ ನೋಡಿ ಪೊಲೀಸು! ನಾಳೆ ಪೌರಾಣಿಕ ನೋಡಿದ್ರೆ ದೇವತೆ ಆಗ್ತೀಯಾ?"

"ಒಂದ್ಸಲ ಗ್ರೌಂಡಿಗೆ ಬಂದು ನೋಡ್ರಿ ಅಪ್ಪಾ. ಆಮೇಲೆ ಬ್ಯಾಡ ಅನ್ನಿ, ಕೇಳ್ತೀನಿ."

ನಾನು ಹೋಗಲಿಲ್ಲ. ರೀಲ್ಸಿನಿಂದ ಹುಟ್ಟಿದ ಜ್ವರ ರೀಲ್ಸಿನಷ್ಟೇ ಬೇಗ ಇಳಿಯುತ್ತದೆ ಎಂದು ಕಾದೆ. ಇಳಿಯಲಿಲ್ಲ. ಬಿ.ಎಡ್. ಅರ್ಜಿಗೆ ಅದೇ ಕೊನೆಯ ವಾರವಾದ್ದರಿಂದ, ಬಿ.ಎಡ್.ಗೋ ಧಾರವಾಡಕ್ಕೋ ಎಂಬುದು ಅಷ್ಟರೊಳಗೆ ತೀರ್ಮಾನವಾಗಲೇಬೇಕಿತ್ತು. ನಾನು 'ಹೂಂ' ಅನ್ನದೆ ಅವಳು ಹೊಸಿಲು ದಾಟುವವಳಲ್ಲ. ಹಾಗಂತ ನಾನು 'ಊಹೂಂ' ಅಂದರೆ ಮುಖ ಎತ್ತಿ ನೋಡುವವಳೂ ಅಲ್ಲ.

ಆಗ ನನಗೆ ಆ ಮಹಾ ಉಪಾಯ ಹೊಳೆಯಿತು. ಈ ಮಕ್ಕಳು ಮೊಬೈಲ್ ಹೇಳಿದ್ದನ್ನು ಮಾತ್ರ ಕೇಳುತ್ತಾರೆ ತಾನೇ? ಸರಿ, ನಾನೂ ಮೊಬೈಲಿನೊಳಗೆ ಹೋಗಿ ಕೂರುತ್ತೇನೆ! ನಾನು ಬೆಳೆದ ಕುರಿಹಿಂಡಿನ ನಡುವೆ ನಿಂತು 'ಶ್ರಮದ ಮಹತ್ವ' ಎಂಬ ವಿಷಯದ ಮೇಲೆ ವಿಡಿಯೋ ಮಾಡುತ್ತೇನೆ. ಮಗಳ ಕಣ್ಣು ತೆರೆಯುತ್ತದೆ. ಜೊತೆಗೆ ನಾಡಿನದ್ದೂ ತೆರೆದರೆ ಬೇಡ ಅನ್ನುವುದಿಲ್ಲ.

"ಎದುರಿಗೆ ಕೂರಿಸ್ಕೊಂಡು ಹೇಳಿದ್ರೆ ಆಗಲ್ವೇನ್ರೀ?" ಎಂದಳು ಹೆಂಡತಿ ಗಿರಿಜಾ.

"ಎದುರಿಗೆ ಹೇಳಿದ್ರೆ ಯಾರು ಕೇಳ್ತಾರೆ? ಮೊಬೈಲ್ ಒಳಗಿಂದ ಹೇಳಿದ್ರೆ ಕೇಳ್ತಾರೆ!"

"ಹಂಗಾದ್ರೆ ನೀವು ಒಳಗೇ ಇದ್ದುಬಿಡ್ರೀ. ನಂಗೂ ಆರಾಮು."

ಭಾನುವಾರ ಬೆಳಿಗ್ಗೆ ಮೂವರೂ ಕಾರಿನಲ್ಲಿ ಹೊರಟೆವು. ನನ್ನ ತಮ್ಮ ಹಾಲಪ್ಪ ಈಗಲೂ ಕುರಿ ಸಾಕುತ್ತಾನೆ. ಭತ್ತದ ಕೊಯ್ಲು ಮುಗಿದ ಮೇಲೆ ನಮ್ಮ ಕಡೆ ಗದ್ದೆಯವರು ಗೊಬ್ಬರಕ್ಕೆಂದು ಕುರಿಹಿಂಡನ್ನು ಕರೆಸಿ ಗದ್ದೆಯಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ರಾತ್ರಿಯಿಡೀ ಕುರಿಗಳು ಬಲೆಯ ಬೇಲಿಯೊಳಗೆ ಮಲಗುತ್ತವೆ, ಬೆಳಿಗ್ಗೆ ಗದ್ದೆಗೆ ಗೊಬ್ಬರ ಸಿಕ್ಕಿರುತ್ತದೆ, ಕುರಿಯವನಿಗೆ ದುಡ್ಡು. ಆ ವಾರ ಹಿಂಡು ಆನವಟ್ಟಿ ರಸ್ತೆಯ ಪಕ್ಕ, ಊರ ಗೌಡರ ಗದ್ದೆಯಲ್ಲಿತ್ತು. ಕಾರನ್ನು ರಸ್ತೆ ಬದಿಯ ನೆರಳಿಗೆ ಹಾಕಿದೆ. ಕಾರಿಗೂ ಕುರಿಗೂ ನಡುವೆ ಗೌಡರದ್ದೇ ಅಲಸಂದೆ ಹೊಲ. ಹಸಿರೋ ಹಸಿರು! ಈ ಹಸಿರನ್ನು ನೆನಪಿಟ್ಟುಕೊಳ್ಳಿ. ಸ್ವಲ್ಪ ಹೊತ್ತಿಗೆ ಅದು ಇರುವುದಿಲ್ಲ.

ಹೊಂಗೆ ಮರದಡಿ ಅವ್ವ ರೊಟ್ಟಿ ಗಂಟು ಬಿಚ್ಚಿಕೊಂಡು ಕೂತಿದ್ದಳು. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ತಮ್ಮನ ಕಂಬಳಿ ಹೊದ್ದು ಬಲೆಯ ಪಕ್ಕ ನಿಂತೆ. ಮೊಬೈಲ್ ಹಿಡಿಯುವ ಕೆಲಸ ಚೈತ್ರಾಳದ್ದು. ಅವಳ ವಿರುದ್ಧದ ಭಾಷಣಕ್ಕೆ ಅವಳೇ ಕ್ಯಾಮೆರಾ!

"ಮೊದ್ಲು ನೀರಿನ ಕೂಗು ಹಾಕ್ತೀನಿ," ಎಂದೆ. "ಎಫೆಕ್ಟ್ ಬರುತ್ತೆ."

ಬಲೆ ಬಿಚ್ಚಿದ ಮೇಲೆ ಕುರಿಗಾರ ಕೆರೆಯ ಕಡೆ ಮುಂದೆ ಹೋಗಿ ಒಂದು ಕೂಗು ಹಾಕುತ್ತಾನೆ. ಆ ದನಿ ಕೇಳಿದರೆ ಹಿಂಡು ಇದ್ದಲ್ಲಿಂದ ಎದ್ದು ಅವನ ಹಿಂದೆ ನೀರಿಗೆ ಓಡುತ್ತದೆ. ಅಪ್ಪ ಕೂಗುತ್ತಿದ್ದದ್ದೂ ಹೀಗೆಯೇ. ಅಪ್ಪನದು, ನನ್ನದು, ತಮ್ಮನದು ಒಂದೇ ಅಚ್ಚಿನ ಗಂಟಲು.

"ಬ್ಯಾಡ ಕಣಣ್ಣ," ಎಂದ ಹಾಲಪ್ಪ. "ನೀರು ಕೊಡಂಗಿದ್ರೆ ಮಾತ್ರ ಆ ಕೂಗು ಹಾಕ್ಬೇಕು. ಸುಮ್‌ಸುಮ್ಕೆ ಕೂಗಿ ಅವಕ್ಕೆ ಮೋಸ ಮಾಡಬಾರ್ದು."

"ನಂಗೆ ಹೇಳಿಕೊಡ್ತೀಯಾ? ನಾನು ಕೂಗಿದಷ್ಟು ನೀನು ಉಸಿರಾಡಿಲ್ಲ!"

ಕೂಗಿದೆ. "ಡ್ರ್ರ್ರ್‌ಯ್ಯೋ... ಹೋ... ಹೋ!" ಕುರಿಗಳೆಲ್ಲ ಎದ್ದು ನಿಂತು ಬಲೆಗೆ ಮೂಗು ಒತ್ತಿದವು. ಬಲೆ ಕಟ್ಟಿತ್ತು, ಬಚಾವಾದೆ. ಆಮೇಲೆ ಎದೆ ಉಬ್ಬಿಸಿ ಭಾಷಣ ಬಿಗಿದೆ. "ಪ್ರಿಯ ಯುವಜನರೇ! ಇಂದಿನ ಯುವಕರು ಮೊಬೈಲಿನಲ್ಲಿ ಯಾರದೋ ದನಿ ಕೇಳಿ, ಹಿಂದೆ ಮುಂದೆ ಯೋಚಿಸದೆ ಅದರ ಬೆನ್ನು ಹತ್ತಿ ಓಡುತ್ತಿದ್ದಾರೆ! ನಿಮಗೆ ಸ್ವಂತ ಬುದ್ಧಿ ಇಲ್ಲವೇ?"

ಅವ್ವ ರೊಟ್ಟಿ ಮುರಿಯುತ್ತಾ ಕೇಳಿದಳು, "ಯಾರಿಗೆ ಬೈತಾ ಅವ್ನೆ ಇವ್ನು? ಕುರಿಗಾ?"

ವಿಡಿಯೋ ಮುಗಿಯಿತು. ನನ್ನ ಮಾತನ್ನು ನಾನೇ ಕೇಳುವ ತವಕ! ಕಾರಿನ ಸ್ಪೀಕರಿನಲ್ಲಿ ಕೇಳಿದರೆ ಗಾಂಭೀರ್ಯ ಬರುತ್ತದೆಂದು ಮೊಬೈಲ್ ಇಸಿದುಕೊಂಡು ಹೊಲ ಸುತ್ತಿ ಕಾರಿಗೆ ಬಂದೆ. ಬಿಸಿಲಿಗೆ ಸೋತು ಮುಂದಿನ ಸೀಟಿನಲ್ಲಿ ಕೂತಿದ್ದ ಗಿರಿಜಾಗೆ, "ಕೇಳು, ನಿನ್ ಗಂಡ ಏನು ಅಂತ ಗೊತ್ತಾಗುತ್ತೆ," ಎಂದೆ. ಗಾಜು ಇಳಿಸಿದೆ, ನಾಡಿಗೂ ಕೇಳಲಿ ಎಂದು. ಸೌಂಡು ಪೂರ್ತಿ ಇಟ್ಟೆ. ಕಣ್ಣು ಮುಚ್ಚಿದೆ.

ಅತ್ತ ಅದೇ ಹೊತ್ತಿಗೆ ಹಾಲಪ್ಪ ಬಲೆ ಬಿಚ್ಚಿದ್ದ.

"ಡ್ರ್ರ್ರ್‌ಯ್ಯೋ... ಹೋ... ಹೋ!" ಎಂದಿತು ಕಾರು.

ಇಡೀ ಹಿಂಡು ಅಲಸಂದೆ ಹೊಲದ ನಟ್ಟನಡುವೆ ನೇರ ದಾರಿ ಮಾಡಿಕೊಂಡು ಬಂದೇಬಿಟ್ಟಿತು! ನಾನು ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಒಂದು ಟಗರಿನ ಮುಖವಿತ್ತು. ಬಾಯಲ್ಲಿ ಅಲಸಂದೆ ಬಳ್ಳಿ. ನನ್ನನ್ನು ಅದು ಅಷ್ಟೊಂದು ಗೌರವದಿಂದ ನೋಡುತ್ತಿತ್ತು! ನನ್ನ ಕ್ಲಾಸಿನಲ್ಲಿ ಅಂಥ ಮುಖವನ್ನು ನಾನು ಒಂದು ದಿನವೂ ಕಂಡಿಲ್ಲ.

"ರೀ! ಕುರಿ ಬಂದ್ವು!"

"ನೆರಳಿಗೆ ಬಂದಿರ್ತಾವೆ," ಎಂದು ಬಿ.ಎ., ಬಿ.ಎಡ್. ತಲೆ ಓಡಿಸಿದೆ. "ಕಾರು ಮುಂದೆ ತಗೊಂಡ್ರೆ ವಾಪಸ್ ಹೋಗ್ತಾವೆ."

ಮುಂದೆ ತೆಗೆದುಕೊಂಡೆ. ಅವೂ ಮುಂದೆ ಬಂದವು. ಜೋರು ಮಾಡಿದೆ. ಅವೂ ಜೋರು ಮಾಡಿದವು! ಈ ಹಾಳು ವಿಡಿಯೋ ಮುಗಿದ ಕೂಡಲೇ ತಾನೇ ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ಹೊಸ ಕೂಗು, ಹೊಸ ಹುರುಪು! ಆನವಟ್ಟಿ ರಸ್ತೆಯ ಮೇಲೆ ಮುಂದೆ ನನ್ನ ಕಾರು, ಹಿಂದೆ ತಮ್ಮನ ಸಮಸ್ತ ಆಸ್ತಿ. "ಯಾರದೋ ದನಿ ಕೇಳಿ ಬೆನ್ನು ಹತ್ತಿ ಓಡುತ್ತಿದ್ದಾರೆ! ನಿಮಗೆ ಸ್ವಂತ ಬುದ್ಧಿ ಇಲ್ಲವೇ?" ಎಂದು ಸ್ಪೀಕರು ಕೇಳುತ್ತಿತ್ತು. "ಬ್ಯಾ," ಎಂದು ಹಿಂಡು ಒಪ್ಪಿಕೊಳ್ಳುತ್ತಿತ್ತು.

"ಅದನ್ನ ಆಫ್ ಮಾಡ್ರೀ!" ಎಂದು ಗಿರಿಜಾ ಕಿರುಚಿದಳು. ನಾನು ಗಾಬರಿಯಲ್ಲಿ ಒತ್ತಿದ ಗುಂಡಿಗೆ ವೈಪರ್ ಶುರುವಾಯಿತು. ಮೊಬೈಲು ಸೀಟಿನ ಕೆಳಗೆಲ್ಲೋ ಜಾರಿತ್ತು. ಕಾರು ನಿಲ್ಲಿಸೋಣವೆಂದರೆ ಕುರಿಗಳು ಚಕ್ರಕ್ಕೆ ಅಂಟಿಕೊಂಡು ಬರುತ್ತಿದ್ದವು. ಎದುರಿಂದ ಬಸ್ಸು ಬೇರೆ! ಕಂಡಕ್ಟರ್ ತಲೆ ಹೊರಗೆ ಹಾಕಿ, "ಏನ್ ಮೇಷ್ಟ್ರೇ, ಎಲೆಕ್ಷನ್‌ಗೆ ನಿಂತ್ರಾ?" ಎಂದ. ಕಿಟಕಿಗೊಂದರಂತೆ ಮೊಬೈಲುಗಳು ಹೊರಬಂದವು.

ಆಗ ಕನ್ನಡಿಯಲ್ಲಿ ಕಂಡಳು ನನ್ನ ಮಗಳು. ಹಿಂಡಿನ ಪಕ್ಕದಲ್ಲಿ, ರಸ್ತೆಯಂಚಿನ ಮಣ್ಣಿನ ಮೇಲೆ ಓಡುತ್ತಿದ್ದಳು. ಹಾಲಪ್ಪ ದೂರದಲ್ಲಿ ಸೊಂಟ ಹಿಡಿದು ನಿಂತುಬಿಟ್ಟಿದ್ದ. ಇವಳು ನಿಲ್ಲಲಿಲ್ಲ. ಭುಜ ಅಲುಗದಂತೆ, ಉಸಿರು ಅಳೆದಂತೆ, ಕುರಿಗಳನ್ನು ದಾಟಿದಳು, ಟಗರನ್ನು ದಾಟಿದಳು, ನನ್ನ ಕಿಟಕಿಯ ಸಮಕ್ಕೆ ಬಂದಳು. ನನಗೆ ಕುರಿ ಮರೆತುಹೋಯಿತು. ಯಾರ ಮಗಳಪ್ಪಾ ಇವಳು, ಇಷ್ಟು ಚೆಂದ ಓಡುತ್ತಾಳೆ! ಅನ್ನಿಸಿತು.

"ಅಪ್ಪಾ, ಎಂಜಿನ್ ಆಫ್ ಮಾಡ್ರಿ! ಕೀ ತಿರುಗ್ಸಿ, ಕೀ!"

ತಿರುಗಿಸಿದೆ. ಕಾರು ನಿಂತಿತು. ಭಾಷಣವೂ ನಿಂತಿತು. ಕುರಿಗಳು ಮಾತ್ರ ನೀರೆಲ್ಲಿ ಎಂಬಂತೆ ನನ್ನನ್ನೇ ನೋಡುತ್ತಾ ನಿಂತವು.

ಅವುಗಳನ್ನು ವಾಪಸ್ ಹೊಡೆದುಕೊಂಡು ಬಂದಾಗ ಗೌಡರು ಅಲಸಂದೆಯ ಅವಶೇಷದ ಮುಂದೆ ನಿಂತಿದ್ದರು. ನ್ಯಾಯ ಅಲ್ಲೇ ಆಯಿತು. ಇನ್ನೊಂದು ವಾರ ಹಿಂಡು ಪುಕ್ಕಟೆಯಾಗಿ ಅವರ ಗದ್ದೆಯಲ್ಲೇ ಮಲಗಬೇಕು. "ಮತ್ತೆ ಆ ಭಾಷಣದ ಮೇಷ್ಟ್ರು ಈ ಕಡೆ ಬರಂಗಿಲ್ಲ," ಎಂಬುದು ಎರಡನೇ ಷರತ್ತು. ಹಾಲಪ್ಪ ಎರಡಕ್ಕೂ ಬಹಳ ಬೇಗ ಒಪ್ಪಿದ.

ಅವಮಾನ ಮುಚ್ಚಿಕೊಳ್ಳಲು ನಾನು ಗಂಭೀರನಾದೆ. "ಏನೇ ಇರಲಿ, ಸೀರಿಯಲ್ ನೋಡಿ ಯಾರೂ ಉದ್ಧಾರ ಆಗಿಲ್ಲ."

ಅವ್ವ ರೊಟ್ಟಿ ಗಂಟು ಕಟ್ಟುತ್ತಾ ತಲೆ ಎತ್ತಿದಳು. "ನೀನೇನು ಗುರು ಹೇಳ್ದ ಅಂತ ಬಿ.ಎ. ಓದಿದ್ಯಾ? ಆನವಟ್ಟಿ ಟೆಂಟಿನಾಗೆ ಸಿನಿಮಾ ನೋಡ್ಕಂಡು ಬಂದೆ. ಅದ್ರಾಗೆ ಯಾವನೋ 'ಅಮ್ಮಾ, ನಾನು ಬಿ.ಎ. ಪಾಸಾದೆ' ಅಂತ ಓಡಿ ಬಂದ್ನಂತೆ. ಮಾರನೇ ದಿನದಿಂದ ಕುರಿ ಕೂಗು ಬಿಟ್ಟು ಅದನ್ನೇ ಕೂಗ್ತಿದ್ದೆ. ಬಿ.ಎ. ಅಂದ್ರೆ ಏನೂಂತ ನಿಂಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ."

ಗಿರಿಜಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಚೈತ್ರಾ ಆಕಾಶ ನೋಡಿದಳು. ಪೊಲೀಸು ಆಗುವವಳಿಗೆ ಇರಬೇಕಾದ ಸಂಯಮ ಅದು.

ಸುಳ್ಳು ಅನ್ನೋಣವೆಂದರೆ ನಿಜವಾಗಿತ್ತು. ಆಸೆ ಟೆಂಟಿನಲ್ಲಿ ಸಿಕ್ಕಿತ್ತು. ಓದಿದ್ದು ಮಾತ್ರ ನಾನೇ, ಬಿಸಿಲಲ್ಲಿ, ಕುರಿ ಹಿಂದೆ. ಇವಳಿಗೂ ಆಸೆ ಎಲ್ಲಿಯದೋ ಇರಬಹುದು. ಆದರೆ ಈಗ ಓಡಿದ ಕಾಲು ಸೀರಿಯಲ್ಲಿನದಲ್ಲ.

ಶಿಕಾರಿಪುರಕ್ಕೆ ಬಂದೆವು. ಮನೆಯ ಗೇಟಿನ ಹತ್ತಿರ, ಆ ಬಿ.ಎ., ಬಿ.ಎಡ್. ಬೋರ್ಡಿನ ಮುಂದೆ ಕಾರು ನಿಲ್ಲಿಸಿ ಕೇಳಿದೆ, "ಧಾರವಾಡಕ್ಕೆ ಯಾವತ್ತು ಹೊರಡ್ಬೇಕು?"

ಆ ವಿಡಿಯೋವನ್ನು ನಾಡು ನೋಡಿತು. ನನ್ನದನ್ನಲ್ಲ, ಬಸ್ಸಿನವರದ್ದನ್ನು. ಸೋಮವಾರ ಕ್ಲಾಸಿಗೆ ಕಾಲಿಟ್ಟಾಗ ಹಿಂದಿನ ಬೆಂಚಿನಿಂದ ಮೆತ್ತಗೆ "ಬ್ಯಾ" ಎಂದು ಸ್ವಾಗತವಾಯಿತು. ಡ್ರಿಲ್ ಮೇಷ್ಟ್ರು ಈಗ ಗ್ರೌಂಡಿಗೆ ಹೋಗುವುದಿಲ್ಲ. ನನ್ನ ಅಭಿಪ್ರಾಯ ಕೇಳಲು ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಧಾರವಾಡಕ್ಕೆ ಹೊರಡುವವರೆಗೆ ಮನೆಯಲ್ಲಿದ್ದಷ್ಟು ದಿನವೂ ಚೈತ್ರಾ ನನ್ನ ಆ ಕೂಗನ್ನು ವಿಡಿಯೋದಿಂದ ಕತ್ತರಿಸಿ ಬೆಳಗಿನ ಅಲಾರಂ ಮಾಡಿಕೊಂಡಿದ್ದಳು. ಮೂಡಣ ಕೆಂಪಾಗುವ ಹೊತ್ತಿಗೆ ಅವಳ ಕೋಣೆಯಿಂದ "ಡ್ರ್ರ್ರ್‌ಯ್ಯೋ... ಹೋ... ಹೋ!" ಎಂದು ನನ್ನದೇ ದನಿ ಬರುತ್ತಿತ್ತು. ಅವಳು ಎದ್ದಿದ್ದಾಳೋ ನೋಡಲು ಗಿರಿಜಾ ಎದ್ದು ಬರುವಷ್ಟರಲ್ಲಿ ಮನೆಯಲ್ಲಿ ಒಬ್ಬರು ಆಗಲೇ ಎದ್ದಾಗಿರುತ್ತಿತ್ತು. ಆ ದನಿ ಕೇಳಿದ ಕೂಡಲೇ, ಹಿಂದೆ ಮುಂದೆ ಯೋಚಿಸದೆ, ಕಣ್ಣು ಮುಚ್ಚಿಕೊಂಡೇ ನೇರ ಬಚ್ಚಲಿಗೆ ಹೋಗಿ ನೀರಿನ ಮುಂದೆ ನಿಂತಿರುತ್ತಿದ್ದ ಆ ಪ್ರಾಣಿ ನಾನೇ!