ರೋಗಿ ಬದುಕಿದಳೇ ಎಂದು ವಿಚಾರಿಸುವುದನ್ನು ನಿಲ್ಲಿಸುವ ಬಗ್ಗೆ

ಗುಣಮಟ್ಟ ಮಾಪನ ಶಾಖೆ, ಸರೋವರ ವಲಯ, ಉತ್ತರ ಮಲಾವಿ
ಸಂಖ್ಯೆ: ಗುಮಾಶಾ/ಹೆರಿಗೆ/43(ತಿದ್ದುಪಡಿಯ ತಿದ್ದುಪಡಿ)

ವಿಷಯ: ಲುಕೊಂಬೆ ಆಸ್ಪತ್ರೆಯ ಸಿಸ್ಟರ್ ಸುಬಿಲಾಗ ಮ್ವಾಂಗೊಂಡೆ ಅವರು ಅನುಸರಿಸುತ್ತಿರುವ ಅನಧಿಕೃತ ಅಳತೆ.

ಸದರಿ ಆಸ್ಪತ್ರೆಯ ಹೆರಿಗೆ ವಾರ್ಡು ‘ಸಾವಿಲ್ಲದ ವಾರ್ಡು’ ಎಂದು ಸತತ ಮೂರು ವರ್ಷ ಐದು ನಕ್ಷತ್ರ ಪಡೆದಿರುತ್ತದೆ. ಸಾಯುವಂತೆ ಕಾಣುವವರನ್ನು ಸಕಾಲದಲ್ಲಿ ಬೇರೆಡೆಗೆ ರವಾನಿಸಿದ್ದೇ ಈ ಸಾಧನೆಗೆ ಕಾರಣವೆಂದು ಹೆಮ್ಮೆಯಿಂದ ದಾಖಲಿಸಲಾಗಿದೆ.

ಹೀಗಿರುವಲ್ಲಿ, ಕಳೆದ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ತುಸೆಕಿಲೆ ಎಂಬ ಬಾಣಂತಿಯನ್ನು ಬಾಡಿಗೆ ಸೈಕಲ್ಲಿನ ಹಿಂದೆ ಕೂರಿಸಿ ತರಲಾಯಿತು. ರಕ್ತ ನಿಲ್ಲುತ್ತಿರಲಿಲ್ಲ. ಮೇಲ್ವಿಚಾರಕ ಕಾಸಾಂಬಾಲ ಅವರು ನಿಯಮಾನುಸಾರ ಸಲಹೆ ನೀಡಿದರು: “ಕಳಿಸಿಬಿಡಿ ಸಿಸ್ಟರ್. ದಾರೀಲಿ ಏನಾದ್ರೂ ಆದ್ರೆ ಅದು ನಮ್ಮ ವಾರ್ಡಿಗೆ ಬರಲ್ಲ.”

ಸಿಸ್ಟರ್ ಅವರ ಉತ್ತರವನ್ನು ಶಿಸ್ತು ಕ್ರಮಕ್ಕಾಗಿ ಯಥಾವತ್ತು ನೀಡಲಾಗಿದೆ: “ಅವಳ ಮನೆಗೆ ಬರತ್ತಲ್ಲ, ಸಾಹೇಬ್ರೇ. ಬಾಗಿಲು ಬಿಟ್ಟು ಆಚೆ ನಿಲ್ಲಿ, ಬೆಳಕು ಬೇಕು.”

ಅನಂತರ ಅವರು ಎರಡು ಗಂಟೆ ಕಾಲ ಗರ್ಭಕೋಶವನ್ನು ಕೈಯಿಂದ ಒತ್ತಿ ಹಿಡಿದಿದ್ದರು. ಸೈಕಲ್ಲಿನವನು ರಕ್ತ ಕೊಟ್ಟನು. ರೋಗಿ ಬದುಕಿದಳು. ಆದರೆ ಆ ಎರಡು ಗಂಟೆಗಳಲ್ಲಿ ನಮೂನೆಯ ಹದಿನೇಳು ಕಾಲಂಗಳು ಖಾಲಿ ಉಳಿದ ಕಾರಣ ‘ಯಾವುದೇ ಸೇವೆ ನೀಡಿಲ್ಲ’ ಎಂದು ತೀರ್ಮಾನಿಸಿ ಎರಡು ನಕ್ಷತ್ರಗಳನ್ನು ಹಿಂಪಡೆಯಲಾಯಿತು.

ಸಿಸ್ಟರ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಗುರುವಾರದ ಲಸಿಕೆ ಸಾಲಿನಲ್ಲಿ ನಿಂತು, ಹಿಂದೆ ರವಾನಿಸಿದ ಹದಿನಾಲ್ಕು ಹೆಂಗಸರ ಬಗ್ಗೆ ಊರವರನ್ನು ಒಬ್ಬೊಬ್ಬರನ್ನಾಗಿ ಕೇಳಿದರು: “ಅವಳು ಈಗ ಹೇಗಿದ್ದಾಳಮ್ಮ?” ಆರು ಮಂದಿ ದಾರಿಯಲ್ಲೇ ತೀರಿಕೊಂಡಿದ್ದರು. ಅವರ ಹೆಸರುಗಳನ್ನು ಬರೆಯುವಾಗ ಸಿಸ್ಟರ್ ಎರಡು ಬಾರಿ ಎದ್ದು ಹೊರಗೆ ಹೋಗಿ ಮುಖ ತೊಳೆದು ಬಂದರೆಂದೂ, ಇದಕ್ಕೆ ಅನುಮತಿ ಪಡೆದಿರಲಿಲ್ಲವೆಂದೂ ವರದಿಯಾಗಿದೆ. ಪಟ್ಟಿಯನ್ನು ವಾರ್ಡಿನ ಗೋಡೆಯ ಮೇಲಿರುವ ಐದು ನಕ್ಷತ್ರದ ಪ್ರಶಸ್ತಿ ಪತ್ರದ ಪಕ್ಕದಲ್ಲೇ ಅಂಟಿಸಲಾಗಿದೆ.

ಆದ್ದರಿಂದ ಈ ಮೂಲಕ ಸೂಚಿಸುವುದೇನೆಂದರೆ:

1. ರೋಗಿ ಬದುಕುವುದು ಆಕೆಯ ಖಾಸಗಿ ವಿಷಯ. ಅದನ್ನು ಗುಣಮಟ್ಟದೊಂದಿಗೆ ಬೆರೆಸತಕ್ಕದ್ದಲ್ಲ.

2. ಹತ್ತು ನಿಮಿಷದೊಳಗೆ ರೋಗಿಯನ್ನು ‘ನೋಡತಕ್ಕದ್ದು’. ಗೇಟಿನ ಕಾವಲುಗಾರ ನೋಡಿದರೂ ಸಾಕು. ಆತ ಕನ್ನಡಕ ಧರಿಸಿದ್ದಲ್ಲಿ ತಜ್ಞರ ತಪಾಸಣೆ ಎಂದು ನಮೂದಿಸತಕ್ಕದ್ದು.

3. ರಕ್ತಸ್ರಾವವಾಗುವವರು ನಮೂನೆ ಭರ್ತಿಯಾಗುವವರೆಗೆ ಅದನ್ನು ತಡೆಹಿಡಿಯಲು ಕೋರಲಾಗಿದೆ.

4. ಸದರಿ ಪಟ್ಟಿಯನ್ನು ಕೂಡಲೇ ತೆಗೆಯತಕ್ಕದ್ದು. ಈಗಾಗಲೇ ಎರಡು ಬಾರಿ ತೆಗೆಸಲಾಗಿದ್ದು, ಲಸಿಕೆ ಸಾಲಿನ ಹೆಂಗಸರು ಇದ್ದಿಲಿನಿಂದ ಗೋಡೆಯ ಮೇಲೆಯೇ ಹೆಸರುಗಳನ್ನು ಬರೆದಿರುವುದರಿಂದ, ಗೋಡೆಯನ್ನು ತೆಗೆಯುವ ಬಗ್ಗೆ ಪ್ರಸ್ತಾವನೆ ಸಲ್ಲಿಸತಕ್ಕದ್ದು.

(ಸಹಿ ಅಸ್ಪಷ್ಟ)
ಮುಖ್ಯ ಮಾಪಕರು, ಪ್ರಭಾರ

ಪ್ರತಿಗಳು:
ಸಿಸ್ಟರ್ ಮ್ವಾಂಗೊಂಡೆ ಅವರಿಗೆ, ಎಚ್ಚರಿಕೆಗಾಗಿ.
ಶ್ರೀ ಕಾಸಾಂಬಾಲ ಅವರಿಗೆ, ಬಡ್ತಿ ಆದೇಶದೊಂದಿಗೆ.
ಯಶಸ್ವಿಯಾಗಿ ರವಾನೆಯಾದ ಆರು ಮಹಿಳೆಯರಿಗೆ, ಲಗತ್ತಿಸಿದ ತೃಪ್ತಿ ನಮೂನೆಯನ್ನು ಭರ್ತಿ ಮಾಡಿ ಹದಿನೈದು ದಿನದೊಳಗೆ ಖುದ್ದಾಗಿ ಮರಳಿಸುವಂತೆ ಕೋರಿ.