ಸಾಹೇಬನ ಕಾಗದ, ನನ್ನ ಸಂಡಿಗೆ

ಆ ದಿನ ನಮ್ಮ ಮಾಳಿಗೆಯ ಮೇಲೆ ಜಗಳ ನಡೆದದ್ದು ಬಿಸಿಲಿಗಾಗಿ. ಹೂಲಿಯಲ್ಲಿ ಬೇಸಿಗೆಯ ಬಿಸಿಲಿಗೆ ಜಗಳವಾಡುವವರೂ ಇದ್ದಾರೆಂದರೆ ಯಾರೂ ನಂಬಲಿಕ್ಕಿಲ್ಲ. ಊರಿಗೆಲ್ಲ ಹಂಚಿದರೂ ಉಳಿಯುವಷ್ಟು ಬಿಸಿಲು ಅಲ್ಲಿದೆ. ಆದರೆ ನಮ್ಮ ಮಾಳಿಗೆ ಸಣ್ಣದು, ಅದರಲ್ಲಿ ಅರ್ಧವನ್ನು ಬೇವಿನ ಮರದ ನೆರಳು ನುಂಗುತ್ತದೆ. ಉಳಿದರ್ಧದಲ್ಲಿ ನಾನು ಹಳೆಯ ಧೋತರ ಹಾಸಿ ಸಂಡಿಗೆ ಇಟ್ಟಿದ್ದೆ. ಅಷ್ಟರಲ್ಲಿ ನಮ್ಮವರು ಮೆಕ್ ಸಾಹೇಬನ ಟ್ರಂಕನ್ನು ಹೊತ್ತುಕೊಂಡು ಏದುಸಿರು ಬಿಡುತ್ತ ಮೇಲೆ ಬಂದರು.

"ನಿನ್ನ ಸಂಡಿಗಿ ಒಂದೀಟು ಆ ಕಡೆ ಸರಸು. ಸಾಹೇಬನ ಕಾಗದಕ್ಕ ಬಿಸಲ ತೋರಸಬೇಕು."

"ನಿಮ್ಮ ಮೆಕ್ ಸಾಹೇಬ ಸತ್ತು ಎಷ್ಟು ಕಾಲ ಆತು. ಅಂವಗೇನು ಅವಸರ? ನನ್ನ ಸಂಡಿಗಿ ಇನ್ನೂ ಹಸಿ ಅವ."

ಅವರು ಟ್ರಂಕಿನ ಮೇಲೆಯೇ ಕುಳಿತು ನಕ್ಕರು. "ಮೆಕ್ ಸಾಹೇಬ, ಮೆಕ್ ಸಾಹೇಬ ಅಂತ ಬೈಲಿಕ್ಕೆ ಅಂವನ ಹೆಸರು ಬಾಯಿತುಂಬ ಬರತದ. ನನ್ನ ಹೆಸರ ಒಮ್ಮೆ ಅನ್ನು. ಇಡೀ ಮಾಳಿಗಿ ನಿಂದ."

ನಾನು ಧೋತರದ ನಾಲ್ಕೂ ಮೂಲೆ ಹಿಡಿದು ಸಂಡಿಗೆಯನ್ನು ನೆರಳಿಗೆ ಎಳೆದುಕೊಂಡು ಹೋದೆ. ಆ ವರ್ಷದ ಸಂಡಿಗೆಯೆಲ್ಲ ಸೊಟ್ಟಗಾದದ್ದು ಹೀಗೆ. ಮರುದಿನ ಮುಂಜಾನೆ ನೀರು ಸೇದಲು ಹೋದ ನಮ್ಮವರು ಬಾವಿಯ ಕಟ್ಟೆಯ ಮೇಲೆ ಕುಳಿತು, "ಯಾಕೋ ಎದಿ ಹಿಡದಂಗ ಆಗೇದ" ಎಂದರು. ಅದೇ ಅವರ ಕೊನೆಯ ಮಾತು.

ಹೆಸರಿನ ಮಾತು ಬಂತಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಮ್ಮ ಅವ್ವ ಕಲಿಸಿದ್ದಳು. ನಾನು ರಾಮದುರ್ಗದ ಸಾಲೆಯಲ್ಲಿ ಏಳನೆಯ ಇಯತ್ತೆ ಪಾಸಾದವಳು. ಆದರೂ ತವರಿನಿಂದ ಅವರಿಗೆ ಪತ್ರ ಬರೆದರೆ ಮೇಲಿನ ವಿಳಾಸಕ್ಕೆ ತಮ್ಮನನ್ನು ಕೂಗುತ್ತಿದ್ದೆ. ಹೇಳಲೇಬೇಕಾದಾಗ ಒಡಪು ಇತ್ತು. ಮದುವೆ ಮನೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, "ಹೆಸರ ಹೇಳಿ ಒಳಗ ಹೋಗು" ಎಂದಾಗ ಎರಡು ಸಾಲು ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರನ್ನು ಬಚ್ಚಿಟ್ಟು ಹೇಳಿ ಒಳಗೆ ಓಡುವುದು. ಪ್ರಾಸದಲ್ಲಿ ಹೇಳಿದರೆ ದೋಷವಿಲ್ಲವಂತೆ. ಬರಿಯ ಹೆಸರನ್ನು ನಾನು ಒಮ್ಮೆಯೂ ಹೇಳಲಿಲ್ಲ. ಹೀಗೆ ಉಳಿಸಿದ ಆಯುಷ್ಯವೆಲ್ಲ ಎಲ್ಲಿ ಹೋಯಿತೆಂದು ಈಗ ಯಾರನ್ನು ಕೇಳಬೇಕೋ ತಿಳಿಯದು.

ಇನ್ನು ಈ ಸಾಹೇಬ. ಸ್ಕಾಟ್ಲಂಡಿನವನಂತೆ. ಹಳೆಯ ವಸ್ತುಗಳ ಹುಚ್ಚು, ಚಿತ್ರಗಳ ಹುಚ್ಚು. ನಮ್ಮವರ ಮುತ್ತಜ್ಜನ ಕಾಲದಲ್ಲಿ ಹೂಲಿಯ ಹಾಳುಬಿದ್ದ ಗುಡಿಗಳ ಹತ್ತಿರ ಡೇರೆ ಹಾಕಿ ಕುಳಿತ. ಮುತ್ತಜ್ಜ ಕಲ್ಲಿನ ಮೇಲಿನ ಶಾಸನ ಓದಿ ಹೇಳಿದರು, ಅವನು ಬರೆದುಕೊಂಡ. ಗುಡಿಯ ಗೂಡುಗಳಲ್ಲಿದ್ದ ಮೂರ್ತಿಗಳನ್ನು ನೋಡಿ, ಪಾಪ, ಇವನ್ನು ಕೇಳುವವರಿಲ್ಲವಲ್ಲ ಎಂದು ಮರುಗಿದ. ಅವನು ಮರುಗಿದಾಗಲೆಲ್ಲ ಒಂದು ಚಕ್ಕಡಿ ತುಂಬುತ್ತಿತ್ತಂತೆ. ಕೊನೆಗೆ ಜ್ವರ ಹತ್ತಿ ಅವಸರದಿಂದ ಹೊರಟಾಗ, ಕಾಗದಪತ್ರಗಳ ಟ್ರಂಕನ್ನು ಮುತ್ತಜ್ಜನ ಕೈಗೆ ಒಪ್ಪಿಸಿ, ತಿರುಗಿ ಬಂದು ಒಯ್ಯುತ್ತೇನೆ ಎಂದ. ನಮ್ಮ ದೇವರುಗಳನ್ನು ತಪ್ಪದೆ ಒಯ್ದವನು ತನ್ನ ಕಾಗದಗಳನ್ನು ಮಾತ್ರ ನಮಗೆ ಬಿಟ್ಟುಹೋದ. ನಮ್ಮ ಮನೆತನದವರಾದರೂ ಎಂಥವರು! ಇಂದು ಬಂದಾನು, ನಾಳೆ ಬಂದಾನು ಎಂದು ತಲೆಮಾರುಗಟ್ಟಲೆ ಅದನ್ನು ಕಾದರು.

ಬರಿ ಕಾದಿದ್ದರೆ ಚಿಂತೆಯಿರಲಿಲ್ಲ, ಪೂಜೆಯನ್ನೂ ಮಾಡಿದರು. ನವರಾತ್ರಿಯ ಸರಸ್ವತಿ ಪೂಜೆಯ ದಿನ ನಮ್ಮಲ್ಲಿ ಹಳೆಯ ಪೋಥಿಗಳನ್ನು ಕೆಂಪು ಅರಿವೆಯಲ್ಲಿ ಕಟ್ಟಿ ಮಣೆಯ ಮೇಲೆ ಇಡುತ್ತಾರೆ. ಬರೆದದ್ದೆಲ್ಲ ಸರಸ್ವತಿಯೇ ಎಂಬ ನ್ಯಾಯದಿಂದ ಸಾಹೇಬನ ಗಂಟೂ ಪಕ್ಕದಲ್ಲಿ ಕುಳಿತುಕೊಳ್ಳುತ್ತಿತ್ತು. ಇಂಗ್ಲಿಷ್ ಯಾರಿಗೂ ಬಾರದು. ಅಕ್ಷರವೋ, ಇರುವೆಗಳ ಸಾಲು. ನಾನೇ ಅರಿಷಿಣ ಕುಂಕುಮ ಏರಿಸಿ, ಹೂವಿಟ್ಟು, ಆರತಿ ಎತ್ತುತ್ತಿದ್ದೆ.

ಗಂಟಿನಲ್ಲಿ ಸಾಹೇಬ ಬರೆದ ಮೂರ್ತಿಗಳ ಚಿತ್ರಗಳೂ ಇದ್ದವು. ನಮ್ಮವರಿಗೆ ಅವೇ ಪ್ರಾಣ. ಗುಡಿಗೆ ಹೋಗಿ ಬರಿದಾದ ಗೂಡುಗಳ ಮುಂದೆ ನಿಂತು, ಯಾವ ಚಿತ್ರ ಯಾವ ಗೂಡಿನದೆಂದು ಹೊಂದಿಸುತ್ತಿದ್ದರು. ಆಮೇಲೆ ಹಳೆಯ ಲಗ್ನಪತ್ರಿಕೆಗಳ ಬೆನ್ನ ಮೇಲೆ ಬರೆದು, ನನ್ನ ಕೈಯಿಂದ ಹಿಟ್ಟಿನ ಅಂಟು ಕುದಿಸಿಕೊಂಡು ಚಿತ್ರದ ಕೆಳಗೆ ಚೀಟಿ ಅಂಟಿಸುವುದು. 'ಈ ದೇವಿ ಬಲಗಡೆಯ ಗೂಡಿನಲ್ಲಿದ್ದಳು. ಈಗ ಅಲ್ಲಿ ಪಾರಿವಾಳ.' ಇನ್ನೊಂದರಲ್ಲಿ, 'ಗಣಪತಿಯನ್ನೂ ಬಿಡಲಿಲ್ಲ.' ಮತ್ತೊಂದು ನನಗೆ ಬಾಯಿಪಾಠವಾಗಿದೆ: 'ಇದನ್ನು ಅಂಟಿಸಿದ ದಿನ ಮನೆಯಲ್ಲಿ ಮಾತಿಲ್ಲ. ಸಾರಿಗೆ ಉಪ್ಪೂ ಇಲ್ಲ.'

ನಮ್ಮವರು ತೀರಿಹೋದ ಕೆಲವು ತಿಂಗಳಿಗೆ ದೊಡ್ಡ ಊರಿನಿಂದ ಒಬ್ಬ ಪ್ರೊಫೆಸರರು ಮೋಟಾರಿನಲ್ಲಿ ಬಂದರು, ಜೊತೆಗೆ ಬರೆದುಕೊಳ್ಳಲು ಒಬ್ಬ ಕಾರಕೂನ. ಸ್ವಾತಂತ್ರ್ಯ ಬಂದು ಸಾಹೇಬರೆಲ್ಲ ಹೋದ ಮೇಲೆ ನಮ್ಮ ದೇಶದ ಜನಕ್ಕೆ ಸಾಹೇಬರ ಮೇಲೆ ಇಷ್ಟು ಪ್ರೀತಿ ಹುಟ್ಟೀತೆಂದು ನನಗೆ ಗೊತ್ತಿರಲಿಲ್ಲ. ನಾನು ಬಾಗಿಲ ಮರೆಯಲ್ಲಿ ನಿಂತೆ. ನೆರೆಮನೆಯ ಗಂಗವ್ವ ನನ್ನ ಜೊತೆಗೆಂದು ಹೊಸ್ತಿಲಲ್ಲಿ ಕುಳಿತಳು. ಪ್ರೊಫೆಸರರು ಕನ್ನಡಕ ಏರಿಸಿ ಒಂದೊಂದೇ ಕಾಗದ ಬಿಚ್ಚಿದರು.

"ಇದು ಬ್ರಾಂಡಿಯ ಬಿಲ್ಲು. ಇದು... ಡಬ್ಬಿಯೊಳಗಿನ ಹಂದಿಮಾಂಸದ್ದು."

ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಅಯ್ಯ ಅವ್ವಾರ! ಇಷ್ಟ ದಿನಾ ಹಂದಿಗೆ ಆರತಿ ಎತ್ತೀರೇನ್ರಿ? ನಿಮ್ಮ ಆಚಾರ್ರು ಇದ್ದಿದ್ರ ಇವತ್ತ ಜನಿವಾರ ಬದಲಿ ಮಾಡ್ತಿದ್ರು!"

ನಮ್ಮವರು ಹೋದ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗ. ನಗುತ್ತಲೇ, ಕೇಳಿದಿರೇನು ಎಂದು ಪಡಸಾಲೆಯ ಕಡೆಗೆ ತಿರುಗಿದೆ. ಅವರು ಕೂಡುತ್ತಿದ್ದ ಜಾಗದಲ್ಲಿ ಕಾರಕೂನ ಮೂಗು ಒರೆಸಿಕೊಳ್ಳುತ್ತಿದ್ದ.

ಪ್ರೊಫೆಸರರು ನಗಲಿಲ್ಲ. "ಇವು ಜಗತ್ತಿನ ಮಹತ್ವದ ಕಾಗದಪತ್ರ, ತಾಯೀ. ಇದಕ್ಕ ಅರಿಷಿಣ ಹಚ್ಚಿದವರು ಯಾರು?"

"ನಾನ ಹಚ್ಚೇನ್ರಿ. ಇಲಿ ತಿಂದಿಲ್ಲ, ಗೆದ್ದಲ ಹತ್ತಿಲ್ಲ. ಅದನ್ನೂ ಬರಕೋರಿ."

"ಮತ್ತ ಈ ಚೀಟಿ?"

"ಅವರು ಬರದದ್ದು."

"ಅವರು ಅಂದ್ರ? ಹೆಸರೇನು?"

ಇಂಥ ಪ್ರಸಂಗದಲ್ಲಿ ಪಕ್ಕದಲ್ಲಿದ್ದವರು ಹೇಳುವುದು ವಾಡಿಕೆ. ಹೆಸರು ಹೇಳಬಲ್ಲ ಮೈದುನ ಬೈಲಹೊಂಗಲದಲ್ಲಿ ಹತ್ತಿ ವ್ಯಾಪಾರದಲ್ಲಿದ್ದ. ನಾನು ಗಂಗವ್ವನ ಮುಖ ನೋಡಿದೆ.

"ಆಚಾರ್ರು ಬರದಾರ್ರಿ, ಮತ್ಯಾರು!" ಎಂದಳು ಅವಳು.

"ಆಚಾರ್ಯರ ಹೆಸರು?"

"ಆಚಾರ್ರಿಗೆ ಆಚಾರ್ರ ಅಂತಾರ್ರಿ. ನಾವೇನು ದೊಡ್ಡವರನ್ನ ಹೆಸರ ಹಿಡದು ಕರೀತೇವೇನ್ರಿ?"

ಕಾರಕೂನ ಏನೋ ಗೀಚಿ ಪೆನ್ನು ಮುಚ್ಚಿದ. ಟ್ರಂಕು ಮೋಟಾರು ಏರಿತು. ನನಗೆ ದುಃಖವೇನೂ ಆಗಲಿಲ್ಲ. ಹೋದೆಯಾ ಪುಣ್ಯಾತ್ಮ, ಇನ್ನು ಬಿಸಿಲೆಲ್ಲ ನನ್ನದು ಎಂದುಕೊಂಡೆ.

ಮುಂದಿನ ವರ್ಷ ಟಪಾಲಿನಲ್ಲಿ ಒಂದು ಪುಸ್ತಕ ಬಂತು. ಒಂದು ಮಗ್ಗುಲಿಗೆ ಇಂಗ್ಲಿಷ್, ಒಂದು ಮಗ್ಗುಲಿಗೆ ಕನ್ನಡ. ಸಾಹೇಬನ ಕಲಾಪ್ರೇಮಕ್ಕೆ ಒಂದು ಅಧ್ಯಾಯ. ಅವನ ಬ್ರಾಂಡಿಯ ಬಿಲ್ಲಿಗೆ ಒಂದು ಇಡೀ ಪುಟ, ಚೌಕಟ್ಟಿನೊಂದಿಗೆ. ಉಪಕಾರ ಸ್ಮರಣೆಯಲ್ಲಿ ಮೋಟಾರಿನ ಡ್ರೈವರನ ಹೆಸರಿತ್ತು. ಸವದತ್ತಿಯ ಬಂಗಲೆಯಲ್ಲಿ ಕೋಳಿಸಾರು ಮಾಡಿಹಾಕಿದ ಅಡಿಗೆಯವನ ಹೆಸರು ಅಪ್ಪನ ಹೆಸರಿನ ಸಮೇತ ಇತ್ತು. ನಮ್ಮ ವಿಷಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ: 'ಸ್ಥಳೀಯರ ಅಜ್ಞಾನದಿಂದ ಈ ಪತ್ರಗಳಿಗೆ ಅರಿಷಿಣದ ಕಲೆಗಳಾಗಿದ್ದವು. ಯಾರೋ ಆಚಾರ್ಯರೊಬ್ಬರು ಅಂಟಿಸಿದ್ದ ಚೀಟಿಗಳನ್ನು ನೀರಿನಲ್ಲಿ ನೆನೆಸಿ ತೆಗೆದುಹಾಕಿ, ಸಂಗ್ರಹವನ್ನು ಮೂಲಸ್ಥಿತಿಗೆ ತರಲಾಗಿದೆ.'

ಆ ಚೀಟಿಗಳನ್ನಾದರೂ ತಿರುಗಿ ಕಳಿಸಿರೆಂದು ಬರೆದೆ. ಉತ್ತರ ಕಾರ್ಡಿನಲ್ಲಿ ಬಂತು. ತೆಗೆದುಹಾಕಿದ ಕಸವನ್ನು ಕಾದಿಡುವ ಪದ್ಧತಿ ತಮ್ಮಲ್ಲಿ ಇಲ್ಲವಂತೆ. ಆದರೆ ಚೀಟಿ ಬರೆದವರ ಪೂರ್ಣ ಹೆಸರನ್ನು ತಿಳಿಸಿದರೆ ಮುಂದಿನ ಮುದ್ರಣದಲ್ಲಿ ಸೇರಿಸುತ್ತಾರಂತೆ. ಹಂದಿಯ ಬಿಲ್ಲನ್ನು ಕಣ್ಣಿಗೊತ್ತಿಕೊಂಡವರಿಗೆ ನಮ್ಮವರ ಅಕ್ಷರ ಕಸ!

ಹೆಸರು ತಿಳಿಸಲು ಕಾರ್ಡು ತಂದು ಇಟ್ಟುಕೊಂಡಿದ್ದೇನೆ. ಮೈದುನನ ಕೈಯಿಂದ ಬರೆಸಬಹುದು; ಯಾಕೋ ಮನಸ್ಸಿಲ್ಲ. ಇದು ನನ್ನ ಬಾಯಿಂದಲೇ ಬರಲೆಂದು ಆ ದಿನ ಮಾಳಿಗೆಯ ಮೇಲೆ ಅವರು ಕೇಳಿದ್ದರು. ಒಡಪು ಕಟ್ಟೋಣವೆಂದರೆ, ನನ್ನಂಥವಳನ್ನು ಇನ್ನು ಯಾರು ಬಾಗಿಲಲ್ಲಿ ತಡೆದು, ಹೆಸರ ಹೇಳಿ ಒಳಗ ಹೋಗು ಅನ್ನುತ್ತಾರೆ? ಮೊದಲು ಎಲ್ಲವನ್ನೂ ವಿವರವಾಗಿ ಬರೆದರೆ ಹೆಸರು ತಾನಾಗಿ ಬಂದೀತೆಂದು ಇದನ್ನು ಬರೆಯಲು ಕುಳಿತೆ. ಮಾಳಿಗೆಯ ಮೇಲೆ ಈ ವರ್ಷದ ಸಂಡಿಗೆ ಬಿಸಿಲಲ್ಲಿ ಒಣಗುತ್ತಿದೆ, ಒಂದೂ ಸೊಟ್ಟಗಾಗಿಲ್ಲ. ಈಗ ಬರೆದದ್ದನ್ನೆಲ್ಲ ತಿರುಗಿ ಓದಿ ನೋಡಿದೆ. ಮೆಕ್ ಸಾಹೇಬನ ಹೆಸರಿದೆ, ಗಂಗವ್ವನ ಹೆಸರಿದೆ, ಪಾರಿವಾಳವೂ ಹಂದಿಯೂ ಇವೆ. ಅವರ ಹೆಸರು ಇದರಲ್ಲೂ ಇಲ್ಲ.