ಒಂದು ಮೀನಿನ ಸಲುವಾಗಿ ಮೀಸೆ

ಮನುಷ್ಯನ ಮುಖದ ಮೇಲೆ ಯಾವ ಕೆಲಸವನ್ನೂ ಮಾಡದೆ ಗೌರವ ಗಿಟ್ಟಿಸುವ ವಸ್ತು ಒಂದೇ, ಮೀಸೆ. ಮೂಗು ಉಸಿರಾಡುತ್ತದೆ, ಬಾಯಿ ಉಣ್ಣುತ್ತದೆ, ಕಿವಿ ಬೈಗುಳ ಕೇಳುವುದರ ಜೊತೆಗೆ ಕನ್ನಡಕವನ್ನೂ ಹೊರುತ್ತದೆ. ಮೀಸೆ ಮಾತ್ರ ಸುಮ್ಮನೆ ಕೂತಿರುತ್ತದೆ, ಕೇಂದ್ರ ಸರ್ಕಾರಿ ನೌಕರನ ಹಾಗೆ. ನಾನೂ ಕೇಂದ್ರ ಸರ್ಕಾರಿ ನೌಕರನೇ ಆದ್ದರಿಂದ ಹೀಗೆ ಅನ್ನುವ ಹಕ್ಕು ನನಗಿದೆ. ಧಾರವಾಡದಿಂದ ಕೋಲ್ಕತ್ತೆಗೆ ವರ್ಗವಾಗಿ ಬಂದಾಗ ನನ್ನ ಆಸ್ತಿಯೆಂದರೆ ಎರಡು ಟ್ರಂಕು, ಒಂದು ಮೀಸೆ. ಟ್ರಂಕುಗಳು ಇಲ್ಲಿಯ ಹವೆಗೆ ತುಕ್ಕು ಹಿಡಿದವು. ಮೀಸೆ ಮಾತ್ರ ಮೊನ್ನೆ ಮೊನ್ನೆಯ ತನಕ ದಟ್ಟವಾಗಿ, ಕಪ್ಪಗೆ ಇತ್ತು. ಅದು ಹೋದದ್ದು ಒಂದು ಮೀನಿನ ಸಲುವಾಗಿ.

ಮೂಲ ಕಾರಣ ಕೆರಿಬಿಯನ್ ಸಮುದ್ರ. ನನ್ನಂಥವರಿಗೆ ಕೆರಿಬಿಯನ್ ಅಂದರೆ ರೇಡಿಯೋದಲ್ಲಿ ಕೇಳಿದ ಕ್ರಿಕೆಟ್ಟು, ಅಷ್ಟೇ. ಆದರೆ ನನ್ನ ಹೆಂಡತಿ ವಿದ್ಯಾ ಸೆಕ್ಟರ್ ಫೈವ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಅವಳ ಜೊತೆಯವಳೊಬ್ಬಳು ಅಮೆರಿಕಕ್ಕೆ ಹೋದವಳು, ಅಲ್ಲಿಂದ ಯಾವುದೋ ಕೆರಿಬಿಯನ್ ದ್ವೀಪಕ್ಕೆ ಸಂಸಾರ ಸಮೇತ ಹೋಗಿ, ಮುಖಕ್ಕೆ ಗಾಜಿನ ಮಾಸ್ಕು, ಬಾಯಿಗೆ ಕೊಳವೆ ಹಾಕಿಕೊಂಡು ನೀರಿನಲ್ಲಿ ಬೋರಲಾಗಿ ತೇಲುತ್ತಿರುವ ಫೋಟೋಗಳನ್ನು ಈಮೇಲ್ ಮಾಡಿದಳು. ಇದಕ್ಕೆ ಸ್ನಾರ್ಕೆಲಿಂಗ್ ಅನ್ನುತ್ತಾರಂತೆ. ನಮ್ಮ ಮಗಳು ಪಲ್ಲವಿ, ನಾಲ್ಕನೇ ಇಯತ್ತೆ ಓದುವವಳು, ಅದನ್ನು ನೋಡಿದ್ದೇ ತಡ, “ಅಪ್ಪಾ, ನಾವ್ ಮೂರೂ ಜನ ಸಾಥ್ ಮೇ ಫಿಶ್ ನೋಡಬೇಕು” ಎಂದು ಹಟ ಹಿಡಿದಳು. ನ್ಯಾಯವಾದ ಬೇಡಿಕೆಯೇ. ಆಫೀಸಿನ ಕ್ಯಾಬು ಅವಳ ಅಮ್ಮನನ್ನು ಮನೆಗೆ ತಂದು ಇಳಿಸುವ ಹೊತ್ತಿಗೆ ಅವಳು ನಿದ್ದೆ ಹೋಗಿರುತ್ತಾಳೆ. ಮೂವರೂ ಕೂಡಿ ನೋಡಿದ್ದು ಅಂತ ನಮ್ಮ ಮನೆಯಲ್ಲಿ ಏನೂ ಇರಲಿಲ್ಲ, ಟಿವಿ ಕೂಡ. ಕೆರಿಬಿಯನ್ ನಮ್ಮ ಕೈಗೆ ಎಟುಕುವುದಲ್ಲ. ಅಂಡಮಾನ್ ಹಾಗಲ್ಲ, ಬೆಳಿಗ್ಗೆ ಡಮ್ ಡಮ್‌ನಲ್ಲಿ ವಿಮಾನ ಹತ್ತಿದರೆ ಊಟದ ಹೊತ್ತಿಗೆ ಅಲ್ಲಿರಬಹುದು. ವಿದ್ಯಾಳ ಪ್ರಾಜೆಕ್ಟು ಮುಗಿದದ್ದೇ ಹೊರಟೆವು.

ದ್ವೀಪದಲ್ಲಿ ಒಳ್ಳೆಯ ಬಿಸಿಲು, ಸೊಂಟದುದ್ದದ ತಿಳಿನೀರು. ತಾಯಿ ಮಗಳು ಇಬ್ಬರೂ ಮಾಸ್ಕು ಹಾಕಿಕೊಂಡು ತೇಲಿಯೇಬಿಟ್ಟರು. ನಾನು ಮುಖ ಮುಳುಗಿಸಿದ ಕೂಡಲೇ ಮಾಸ್ಕಿನೊಳಗೆ ನೀರು. ಎತ್ತು, ಚೆಲ್ಲು, ಮುಳುಗು, ಮತ್ತೆ ನೀರು. ಮೂಗಿಗೆ ಇಳಿದ ಉಪ್ಪಿನಲ್ಲಿ ಒಂದು ಭರಣಿ ಉಪ್ಪಿನಕಾಯಿ ಹಾಕಬಹುದಿತ್ತು. ನಮ್ಮನ್ನು ನೀರಿಗೆ ಇಳಿಸಿದ್ದ ಬಿಶ್ವಾಸ್‌ಬಾಬು ನನ್ನ ಗದ್ದ ಹಿಡಿದು ಆಚೀಚೆ ತಿರುಗಿಸಿ ನೋಡಿ, ಮೀಸೆ ಇದ್ದರೆ ರಬ್ಬರು ಚರ್ಮಕ್ಕೆ ಕೂರುವುದಿಲ್ಲ, ಕೂದಲ ಸಂದಿಯಿಂದ ನೀರು ನುಗ್ಗುತ್ತದೆ ಎಂದು ಹಿಂದಿಯಲ್ಲಿ ತೀರ್ಪು ಕೊಟ್ಟರು. ಕೊಬ್ಬರಿ ಎಣ್ಣೆ ಮೆತ್ತಿ ನೋಡಿದೆವು. ನೀರಿನ ಜೊತೆ ಎಣ್ಣೆಯೂ ಬಂತು. ಅಷ್ಟರಲ್ಲಿ ಪಲ್ಲವಿ “ಯೆಲ್ಲೋ ಫಿಶ್! ಅಪ್ಪಾ, ಜಲ್ದೀ ಬಾ ನಾ!” ಎಂದು ಕೂಗಿದಳು. ನಾನು ಬರುವ ಹಾಗೆ ಕಾಣಲಿಲ್ಲವೆಂದು ದಂಡೆಗೆ ಬಂದು, ಮಾಸ್ಕು ತೆಗೆದಿಟ್ಟು, “ಹಂಗಾದ್ರ ನಾನೂ ನೋಡಂಗಿಲ್ಲ” ಎಂದು ಕೂತುಬಿಟ್ಟಳು.

“ರೂಮಿಗೆ ಹೋಗಿ ತಗದ ಬರ್ತೀನಿ” ಎಂದೆ. ವಿದ್ಯಾ ಹೌಹಾರಿದಳು. “ಹುಚ್ಚ ಹಿಡದದೇನ್ರೀ? ಮಾವನವರು ಗಟ್ಟಿಮುಟ್ಟಾಗಿ ಇರೋವಾಗ ಯಾರರ ಮೀಸಿ ತಗೀತಾರೇನು?” ಹೌದು, ನಮ್ಮ ಕಡೆ ಇದ್ದಕ್ಕಿದ್ದಂತೆ ಒಬ್ಬನ ಮೀಸೆ ಹೋಯಿತೆಂದರೆ ಅವನ ತಂದೆಯೋ ತಾಯಿಯೋ ತೀರಿಕೊಂಡರು ಎಂದೇ ಅರ್ಥ. “ಈ ನಡುಗಡ್ಡಿಗೆ ಯಾವ ಧಾರವಾಡದಾಂವ ಬಂದು ನೋಡ್ತಾನ?” ಎಂದು ಹೊರಟೆ. ಮುಂದೆ ನಾನೇ ಈ ನಡುಗಡ್ಡೆ ಬಿಟ್ಟು ಹೋಗಬೇಕು ಎಂಬುದು ಆಗ ತಲೆಗೆ ಬರಲಿಲ್ಲ.

ಬೋಳು ತುಟಿಗೆ ಮಾಸ್ಕು ಗಪ್ಪನೆ ಕೂತಿತು. ಒಂದು ಹನಿ ನೀರಿಲ್ಲ. ಪಲ್ಲವಿ ನಮ್ಮಿಬ್ಬರ ಕೈ ಹಿಡಿದು ಎಳೆದುಕೊಂಡು ಹೋಗಿ ಬೆರಳು ಚಾಚಿದಳು. ನೋಡಿದೆ. ಯಾರೋ ಅರಿಶಿನ ಕಲಸಿ ಚೆಲ್ಲಿದ ಹಾಗೆ ಒಂದು ಮಬ್ಬು ಹಳದಿ. ನನ್ನ ದಪ್ಪ ಗಾಜಿನ ಕನ್ನಡಕ ದಂಡೆಯ ಮೇಲೆ ವಿದ್ಯಾಳ ಚೀಲದಲ್ಲಿತ್ತು. ಅಲ್ಲಿಯ ತನಕ ಬರೀ ನೀರು ಕುಡಿಯುವುದರಲ್ಲೇ ಇದ್ದೆನಾದ್ದರಿಂದ ಕಣ್ಣಿನ ವಿಚಾರ ಬಂದೇ ಇರಲಿಲ್ಲ. ಮೇಲೆದ್ದಾಗ ಪಲ್ಲವಿ “ದೇಖಾ? ಬ್ಲ್ಯಾಕ್ ಸ್ಟ್ರೈಪ್ಸ್ ದೇಖಾ?” ಎಂದಳು. ನೋಡಿದೆ ಅಂದೆ. ಮೀನು ಸುಳ್ಳು, ಆದರೆ ಅವಳ ಕೈ ಹಿಡಿದು ತೇಲಿದ ಖುಷಿ ಮಾತ್ರ ಖರೆ.

ಕೋಲ್ಕತ್ತೆಗೆ ಮರಳಿದ ಮರುದಿನ ಬೆಳಿಗ್ಗೆ ಬಜಾರಿನಲ್ಲಿ ರೇಲ್ವೆಯ ದೇಶಪಾಂಡೆಯವರು ಕಂಡರು. ಅವರೂ ಧಾರವಾಡದವರೇ. ದೂರದಿಂದ ಕೈಯೆತ್ತಿದವರು ನನ್ನ ಮುಖ ನೋಡಿ ಕೈ ಇಳಿಸಿ, ಬಿರಬಿರನೆ ಹೊರಟುಹೋದರು. ಸಂಜೆ ಹೆಂಡತಿಯ ಜೊತೆ ಮನೆಗೆ ಬಂದು, ತಲೆ ತಗ್ಗಿಸಿ ಕೂತು, “ಧೈರ್ಯಾ ತಗೋರಿ. ಯಾರ ಕೈಯಾಗ ಏನದ?” ಎಂದರು. ಒಂದು ಮೀಸೆಗೆ ಊರಲ್ಲಿ ಇಷ್ಟು ಮರ್ಯಾದೆಯೇ ಎಂದು ನನಗೆ ಹೆಮ್ಮೆಯಾಯಿತು. “ಇರ್ಲಿ ಬಿಡ್ರಿ, ಮತ್ತ ಬರ್ತದ” ಎಂದೆ. ದೇಶಪಾಂಡೆಯವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ವಿದ್ಯಾ ಚಹಾ ತಂದರೆ ಇಬ್ಬರೂ ಮುಟ್ಟಲಿಲ್ಲ. ಚಹಾಕ್ಕೆಂದೇ ನಮ್ಮ ಮನೆಗೆ ಬರುವ ದೇಶಪಾಂಡೆಯವರು ಚಹಾ ಒಲ್ಲೆ ಅಂದಾಗ ವಿದ್ಯಾಳಿಗೆ ಥಟ್ಟನೆ ಹೊಳೆಯಿತು. ಸೂತಕದ ಮನೆಯಲ್ಲಿ ಕುಡಿಯುವುದಿಲ್ಲವಲ್ಲ! ಅವಳು ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು.

“ಏನಪಾ, ನಾ ಸತ್ತೇನಂತಲ್ಲ?” ಅಪ್ಪನ ದನಿ. “ನನಗೊಂದು ಮಾತು ತಿಳಸಬಾರದೇನು? ಇಲ್ಲೆ ದೇಶಪಾಂಡೆಯವರ ತಮ್ಮ, ಅಣ್ಣನ ಫೋನು ಬಂತಂತ, ಮಾತಾಡಸಲಿಕ್ಕೆ ಬಂದಾನ. ಬಾಗಲಾ ನಾನ ತಗದೆ. ಅಂವ ಅಲ್ಲೇ ಕುಸದು ಕೂತಾನ. ನಿಮ್ಮವ್ವ ನೀರು ಕೊಡ್ಲಿಕ್ಕತ್ತಾಳ.”

ನಾನು ಎಲ್ಲವನ್ನೂ ಹೇಳಿದೆ. ಅಪ್ಪ ಕೆಮ್ಮು ಬರುವ ತನಕ ನಕ್ಕರು. ಈ ಕಡೆ ದೇಶಪಾಂಡೆಯವರು ಸಾವಕಾಶವಾಗಿ ಆರಿದ ಚಹಾಕ್ಕೆ ಕೈ ಹಾಕಿದರು.

“ಆತು, ಮೀನರ ಕಂಡ್ವೇನು?” ಎಂದರು ಅಪ್ಪ.

ಪಲ್ಲವಿ ಎದುರಿಗೆ ನಿಂತು ನನ್ನನ್ನೇ ನೋಡುತ್ತಿದ್ದಳು. “ಭಾಳ ಚಂದ ಇದ್ವು, ಅಪ್ಪಾ. ಹಳದಿ ಮೈ, ಕರೀ ಪಟ್ಟಿ,” ಎಂದೆ ಫೋನಿನಲ್ಲಿ.

ನನಗೆ ಮೊದಲ ಕನ್ನಡಕ ಕೊಡಿಸಿದವರು ಅಪ್ಪನೇ. “ಚಸ್ಮಾ ಎಲ್ಲಿತ್ತು?” ಎಂದು ಮೆಲ್ಲಗೆ ಕೇಳಿದರು.

“ವಿದ್ಯಾನ ಚೀಲದಾಗ.”

“ತಿಳೀತು, ತಿಳೀತು. ಕೂಸಿನ ಮುಂದ ಬಾಯಿ ಬಿಡಬ್ಯಾಡ,” ಎಂದರು. “ಮತ್ತ, ಮೀಸಿ ಪೂರಾ ಬರೋತನಕಾ ಈ ಕಡೆ ಹಾಯಬ್ಯಾಡ. ನಾ ಬದುಕೀನಿ ಅಂತ ಓಣ್ಯಾಗ ಎಷ್ಟ ಮಂದಿಗೆ ಹೇಳ್ಲಿ?”

ಅಪ್ಪನ ಆಯುಷ್ಯದ ಪ್ರಶ್ನೆಯಾದ್ದರಿಂದ ಈಗ ದಿನಾ ಕನ್ನಡಕ ಏರಿಸಿಕೊಂಡು ಕನ್ನಡಿಯಲ್ಲಿ ನೋಡಿಕೊಳ್ಳುತ್ತೇನೆ. ಮೀಸೆ ಬರುತ್ತಿದೆ, ಆದರೆ ಅರ್ಧಕ್ಕರ್ಧ ಬೆಳ್ಳಗೆ. ಸಮುದ್ರದ ಉಪ್ಪುನೀರು ಬೇರಿಗೇ ಇಳಿದಿರಬೇಕು ಎಂದು ಮೊನ್ನೆ ವಿದ್ಯಾಳ ಹತ್ತಿರ ಪೇಚಾಡಿಕೊಂಡೆ. ಅವಳು ಚೀಲ ಹೆಗಲಿಗೇರಿಸಿಕೊಂಡು ಕ್ಯಾಬಿಗೆ ಹೊರಟಿದ್ದಳು.

“ಮೊದಲೂ ಹಂಗ ಇತ್ತಲ್ರೀ,” ಎಂದಳು. “ನೀವು ದಾಡಿ ಮಾಡ್ಕೊಳ್ಳೋವಾಗ ಚಸ್ಮಾ ತಗದಿಡ್ತಿದ್ರಿ.”